ಬಿಚ್ಚುವ ಕೈ

ಲೊರೀನ್ ಕುದುರೆಗೆ ಕಟ್ಟುವ ಚರ್ಮದ ಪಟ್ಟಿಯನ್ನು ಸತ್ತ ಗಂಡ ವೆರ್ಲಿನ್‌ನ ಕೈಗಳ ಕೆಳಗೆ ತೂರಿಸಿ ಕೋಟಿನ ಅಂಚಿನಿಂದ ಮುಚ್ಚುತ್ತಿದ್ದಾಗ, ತಮ್ಮ ಡ್ವೇನ್ ಬಂದು ಶವಪೆಟ್ಟಿಗೆಯ ಇನ್ನೊಂದು ಪಕ್ಕದಲ್ಲಿ ನಿಂತ.

“ಅಕ್ಕ, ಅದು ಬೇಕು ನಂಗೆ. ಕುದುರೆಗೆ ಕಟ್ಟೋಕೆ, ಜುನಿಪರ್‌ಗೆ.”

“ನಿನ್ನ ಹತ್ರ ಬೇರೆ ಪಟ್ಟಿ ಇಲ್ವಾ?”

“ಇವತ್ತು ಭಾವಂದೇ ಕಟ್ಟಬೇಕು. ಜನ ಕಾಯ್ತಾ ಇದಾರೆ.”

ಜನ ಕಾಯುತ್ತಿದ್ದುದು ನಿಜ. ಡ್ರೈ ಫೋರ್ಕ್ ಊರಿನಲ್ಲಿ ರೋಡಿಯೊದವನು, ಅಂದರೆ ಜಿಗಿಯುವ ಕುದುರೆ ಸವಾರಿಯ ಪಂದ್ಯದವನು, ಸತ್ತರೆ ಹೆಣ ಮಣ್ಣಿಗೆ ಹೋಗುವ ಮೊದಲು ಅಖಾಡಕ್ಕೆ ಹೋಗುತ್ತದೆ. ಅವನ ಟೋಪಿಯನ್ನು ಜೀನಿಗೆ ಸಿಕ್ಕಿಸಿ, ಸವಾರನಿಲ್ಲದ ಕುದುರೆಯೊಂದನ್ನು ಅಖಾಡದ ಅಂಚಿನ ಇಕ್ಕಟ್ಟು ಗೂಡಿನಿಂದ ಬಿಡುತ್ತಾರೆ. ಅದು ಎಷ್ಟು ಎತ್ತರ ಜಿಗಿದರೆ ಸತ್ತವನಿಗೆ ಅಷ್ಟು ಮರ್ಯಾದೆ. ವೆರ್ಲಿನ್ ಸವಾರನಲ್ಲ. ಬಾಗಿಲು ತೆರೆಯುವ ಗಳಿಗೆಯಲ್ಲಿ ಕುದುರೆಯ ಹಿಂಗಾಲುಗಳ ಮುಂದೆ, ಹೊಟ್ಟೆಯ ಸುತ್ತ ಈ ಪಟ್ಟಿಯನ್ನು ಬಿಗಿಯುವವನು. ಬಿಗಿದ ಕೂಡಲೇ ಕುದುರೆ ಹಿಂಗಾಲು ಝಾಡಿಸುತ್ತ ಕುಣಿಯುತ್ತದೆ. ಸವಾರಿ ಮುಗಿದ ಮೇಲೆ ಡ್ವೇನ್ ತನ್ನ ಕುದುರೆಯನ್ನು ಪಕ್ಕಕ್ಕೆ ತಂದು ಪಟ್ಟಿಯನ್ನು ಬಿಚ್ಚುತ್ತಾನೆ. ಭಾವ ಕಟ್ಟುವುದು, ಭಾವಮೈದ ಬಿಚ್ಚುವುದು. ಇಬ್ಬರ ಆಯುಸ್ಸೂ ಅದರಲ್ಲೇ ಕಳೆದಿತ್ತು. ಚಪ್ಪಾಳೆ ಮಾತ್ರ ಸವಾರನಿಗೆ.

ಹಳೆಯ ಸವಾರ ಹೋಬರ್ಟ್ ಕುಂಟುತ್ತ ಬಂದು ಪೆಟ್ಟಿಗೆಯೊಳಗೆ ಇಣುಕಿದ. “ನನ್ನ ಪಕ್ಕೆಲುಬು ಮುರಿಸಿದ ಪುಣ್ಯಾತ್ಮ. ಆದ್ರೂ ನೋಡು, ಇವನಿಗೋಸ್ಕರ ಅಂಗಿಗೆ ಇಸ್ತ್ರಿ ಹಾಕಿಸ್ಕೊಂಡು ಬಂದಿದೀನಿ.”

ಲೊರೀನ್‌ಗೆ ನಗು ಬಂತು. ಪಟ್ಟಿಯನ್ನು ಮಾತ್ರ ಬಿಡಲಿಲ್ಲ.

*

ವರ್ಷಗಳ ಹಿಂದೆ, ಬೇಸಿಗೆಯ ಜಾತ್ರೆಯೊಂದರಲ್ಲಿ ಅಖಾಡದ ಹೊರಗೆ ನಾಲ್ಕಾರು ಜನ ಫಲಕ ಹಿಡಿದು ನಿಂತಿದ್ದರು: ಪ್ರಾಣಿಗಳನ್ನು ಹಿಂಸಿಸಬೇಡಿ. ಅಂಥವರನ್ನು ಕಂಡರೆ ವೆರ್ಲಿನ್‌ಗೆ ಹುರುಪು. ಪಟ್ಟಿಯನ್ನು ತನ್ನ ಸೊಂಟಕ್ಕೇ ಸುತ್ತಿ, ಬಿಗಿದು ತೋರಿಸುತ್ತಿದ್ದ.

“ಮುಟ್ಟಿ ನೋಡಮ್ಮ. ಒಳಗಡೆ ಕುರಿ ಉಣ್ಣೆ. ಚರ್ಮ ತರಚಲ್ಲ, ಗಾಯ ಆಗಲ್ಲ. ಜಿಗಿಯೋದು ಅದರ ಹುಟ್ಟುಗುಣ. ಅದಕ್ಕೂ ಇಷ್ಟ.”

ಅವರಲ್ಲಿದ್ದ, ಶಾಲೆಯೊಂದರಲ್ಲಿ ಅಡುಗೆ ಮಾಡುವ ಹೆಂಗಸು ನಿಜಕ್ಕೂ ಮುಟ್ಟಿ ನೋಡಿದಳು. “ಮೆತ್ತಗಿದೆ,” ಎಂದು ಒಪ್ಪಿಕೊಂಡಳು. ಆಮೇಲೆ ಕೇಳಿದಳು: “ಇಷ್ಟ ಇದ್ರೆ, ಬಿಚ್ಚಿದ ಕೂಡಲೇ ಯಾಕೆ ನಿಂತುಬಿಡುತ್ತೆ?”

ವೆರ್ಲಿನ್ ನಕ್ಕುಬಿಟ್ಟ. ಕೆಲಸವನ್ನೇನೂ ಬಿಡಲಿಲ್ಲ, ಬೇರೆ ಕೆಲಸ ಬರುತ್ತಲೂ ಇರಲಿಲ್ಲ. ಆದರೆ ಪಟ್ಟಿಯನ್ನು ಮತ್ತೆಂದೂ ಸೊಂಟಕ್ಕೆ ಕಟ್ಟಿ ತೋರಿಸಲಿಲ್ಲ. ಕಳೆದ ವಾರ, ಆಸ್ಪತ್ರೆಯಲ್ಲಿ, ಹೆಂಡತಿಯ ಬೆರಳು ಹಿಡಿದು ಕೇಳಿದ್ದ: “ಲೊರೀನ್, ಆವತ್ತು ಆ ಹೆಂಗಸಿಗೆ ಏನು ಹೇಳಬೇಕಿತ್ತು?”

ಲೊರೀನ್‌ಗೂ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಅವನನ್ನು ಕಳುಹಿಸಿದೆನಲ್ಲ ಎಂಬುದು ಅವಳ ಎದೆ ಕೊರೆಯುತ್ತಿತ್ತು.

*

“ಜುನಿಪರ್‌ನ ಗೂಡಿಂದ ಬಿಡು,” ಎಂದಳು ಲೊರೀನ್. “ಪಟ್ಟಿ ಮಾತ್ರ ಬೇಡ. ಯಾವುದೂ ಬೇಡ.”

“ಅಕ್ಕ, ಅದಕ್ಕೆ ವಯಸ್ಸಾಗಿದೆ. ಎಷ್ಟೋ ಕಾಲದಿಂದ ಸುಮ್ನೆ ಮೇಯ್ಕೊಂಡು ಬಿದ್ದಿದೆ. ಜಿಗಿಯದೆ ನಿಂತ್ರೆ ಊರೆಲ್ಲ ನಗುತ್ತೆ.”

“ನಗಲಿ. ಅದಕ್ಕೆ ಇಷ್ಟ ಅಂತ ನೀವಿಬ್ಬರೂ ತಾನೇ ಸಾರಿಕೊಂಡು ಬಂದಿದ್ದು? ಇಷ್ಟ ಇದ್ರೆ ಜಿಗಿಯುತ್ತೆ. ಇವನನ್ನ ಮಣ್ಣು ಮಾಡೋ ಮೊದ್ಲು ನಂಗೆ ಅದು ಗೊತ್ತಾಗಬೇಕು.”

ಡ್ವೇನ್ ಅಕ್ಕನ ಮುಖ ನೋಡಿದ. ಜುನಿಪರ್‌ಗೆ ಜೀನು ಹಾಕಲು ಹೊರಟ.

ಶವಪೆಟ್ಟಿಗೆಯನ್ನು ಟ್ರಕ್ಕಿನ ಹಿಂಭಾಗದಲ್ಲಿಟ್ಟು ಅಖಾಡದ ಬೇಲಿಗೆ ತಾಗಿಸಿ ನಿಲ್ಲಿಸಿದರು. ಗೂಡಿನೊಳಗೆ ಜುನಿಪರ್ ಕಿವಿ ನಿಮಿರಿಸಿಕೊಂಡು ನಿಂತಿತ್ತು. ಜೀನಿನ ಮೇಲೆ ವೆರ್ಲಿನ್‌ನ ಬೆವರಿನ ಕಲೆಯ ಟೋಪಿ. ಹೊಟ್ಟೆಯ ಸುತ್ತ ಏನೂ ಇಲ್ಲದ್ದನ್ನು ಲೊರೀನ್ ಕಣ್ಣಾರೆ ನೋಡಿ ಖಚಿತ ಮಾಡಿಕೊಂಡಳು.

ಕಬ್ಬಿಣದ ಬಾಗಿಲು ಧಡಾರನೆ ತೆರೆಯಿತು. ಜುನಿಪರ್ ಜಿಗಿಯಿತು. ಮುದಿಕುದುರೆ ಎಂದು ಯಾರೂ ಹೇಳುವಂತಿರಲಿಲ್ಲ. ನೆಲ ಬಿಟ್ಟೆದ್ದು, ಬೆನ್ನು ಬಾಗಿಸಿ, ಹಿಂಗಾಲು ಬೀಸಿ ಒದೆಯಿತು. ಟೋಪಿ ಹಾರಿ ಮಣ್ಣಿಗೆ ಬಿತ್ತು. ಜನ ಎದ್ದು ನಿಂತರು. “ಪಟ್ಟಿ ಇಲ್ಲ ಕಣ್ರೋ, ಪಟ್ಟಿನೇ ಇಲ್ಲ,” ಎಂದು ಹೋಬರ್ಟ್ ಕಣ್ಣೊರೆಸಿಕೊಂಡ. ಲೊರೀನ್ ಪೆಟ್ಟಿಗೆಯ ಮೇಲೆ ಕೈಯೂರಿ ಅತ್ತಳು. ಮದುವೆಯಾದಾಗಿನಿಂದ ಇಷ್ಟು ಹಗುರವಾಗಿ ಅತ್ತಿರಲಿಲ್ಲ. ಗಂಡನ ಮಾತು ನಿಜವಾಗಿತ್ತು.

ಯಾರೋ ರೂಢಿಯಂತೆ ಸವಾರಿ ಮುಗಿಯಿತೆಂದು ಹಾರ್ನ್ ಒತ್ತಿದರು. ಅಖಾಡದಲ್ಲಿ ತನ್ನ ಕುದುರೆಯ ಮೇಲಿದ್ದ ಡ್ವೇನ್ ನಗುತ್ತ, ಹೊರಬಾಗಿಲು ತೆರೆಯುವಂತೆ ಕೈ ಬೀಸಿದ. ಆಚೆ ಹಸಿರು ಹುಲ್ಲು ಕಾಣುತ್ತಿತ್ತು.

ಜುನಿಪರ್ ಆ ಕಡೆ ಹೋಗಲಿಲ್ಲ. ನೇರ ಡ್ವೇನ್‌ನ ಕುದುರೆಯ ಬಳಿ ಬಂದು ಅಡ್ಡಲಾಗಿ ನಿಂತಿತು. ಪಟ್ಟಿ ಬಿಗಿದಾಗಿನಂತೆ ಬರಿಯ ಹೊಟ್ಟೆಯನ್ನು ಒಳಗೆಳೆದು ಹಿಡಿದುಕೊಂಡು, ಮೈ ನಡುಗಿಸುತ್ತ, ಪಕ್ಕೆಯನ್ನು ಅವನ ಮೊಣಕಾಲಿಗೆ ಒತ್ತಿತು. ಡ್ವೇನ್‌ನ ಕೈ ತಾನಾಗಿಯೇ ಕೆಳಗಿಳಿಯಿತು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಅವನ ನಗು ಹೋಯಿತು.

“ಹೋಗು,” ಎಂದ ಮೆಲ್ಲಗೆ. ಅದು ಕದಲಲಿಲ್ಲ.

ಚಪ್ಪಾಳೆ ನಿಂತಿತ್ತು. ಲೊರೀನ್ ಬೇಲಿಯ ಹತ್ತಿರ ಬಂದಳು.

“ಬಿಚ್ಚು, ಡ್ವೇನ್.”

“ಏನಿದೆ ಅಕ್ಕ, ಬಿಚ್ಚೋಕೆ?”

“ಬಿಚ್ಚೋ.”

ಡ್ವೇನ್ ಜೀನಿನಿಂದ ಬಾಗಿ, ಆ ಬರಿಯ ಪಕ್ಕೆಯ ಮೇಲೆ ಬೆರಳಾಡಿಸಿ, ಇಲ್ಲದ ಕೊಂಡಿಯನ್ನು ಎಳೆದ. ಜುನಿಪರ್ ಹಿಡಿದಿದ್ದ ಉಸಿರನ್ನು ಬಿಟ್ಟಿತು. ಹೊಟ್ಟೆ ಸಡಿಲವಾಗಿ ಇಳಿಯಿತು. ತಲೆ ತಗ್ಗಿಸಿ, ಮಣ್ಣಲ್ಲಿ ಬಿದ್ದಿದ್ದ ಟೋಪಿಯನ್ನು ಸುತ್ತುಹಾಕಿ ಹೊರಬಾಗಿಲ ಕಡೆಗೆ ನಡೆಯಿತು.