ಮೀನಿಗೆ ಕಾಣುವ ಹಳದಿ ದಾರ

ನಾನು ಮೀನು ಹಿಡಿಯುವ ನೈಲಾನ್ ದಾರ. ಅಂಗಡಿಯವರು ತಂಗೂಸಿ ಅನ್ನುತ್ತಾರೆ. ಬಣ್ಣ ಹಳದಿ. ಸುಮ್ಮನೆ ಹಳದಿಯಲ್ಲ, ಚೆಂಡುಹೂವಿನ ಹಳದಿ. ಹೊಲದಾಚೆ ನಿಂತವರಿಗೂ ಎದ್ದು ಕಾಣುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಏಕೆಂದರೆ ನಾನು ತಿಂದ ಬೈಗುಳವೆಲ್ಲ ಈ ಬಣ್ಣಕ್ಕಾಗಿಯೇ.

ಹುಟ್ಟಿದ್ದು ಒಂದು ಕಾರ್ಖಾನೆಯ ಬಿಸಿಯಲ್ಲಿ. ಕರಗಿದ ನೈಲಾನನ್ನು ಸಣ್ಣ ತೂತಿನಿಂದ ಒತ್ತಿ ಹೊರಗೆ ಬಿಟ್ಟರು, ತಣ್ಣೀರಿನಲ್ಲಿ ಅದ್ದಿದರು, ಆಮೇಲೆ ಎಳೆದರು. ಎಳೆದಷ್ಟೂ ಗಟ್ಟಿಯಾಗುವುದು ನಮ್ಮ ಕುಲದ ಗುಣ. ನನಗಿಂತ ಮೊದಲು ಅದೇ ಯಂತ್ರದಿಂದ ಬಣ್ಣವಿಲ್ಲದ ದಾರ ಬಂದಿತ್ತು, ಹಸಿರು ಬಂದಿತ್ತು, ಕಂದು ಬಂದಿತ್ತು. ನನ್ನ ಪಾಳಿಗೆ ಹಳದಿ ಪುಡಿ ಸುರಿದರು. ನಿನಗೆ ಯಾವ ಬಣ್ಣ ಬೇಕಪ್ಪ ಎಂದು ಯಾರೂ ಕೇಳಲಿಲ್ಲ.

ಕಾವೇರಿ ದಡದ ಒಂದು ಪೇಟೆಯಲ್ಲಿ ಇಬ್ರಾಹಿಂ ಸಾಬರ ಅಂಗಡಿಗೆ ಬಂದು ಬಿದ್ದೆ. ಗಾಳ, ಸೀಸದ ಗುಂಡು, ಬಲೆ ಮಾರುವ ಅಂಗಡಿ. ಅಲ್ಲಿ ನಮ್ಮವರಿಗೆಲ್ಲ ಒಂದೊಂದು ಮರ್ಯಾದೆ ಇತ್ತು. ತಿಳಿ ನೀರಿಗೆ ಬಣ್ಣವಿಲ್ಲದ ದಾರ, ಪಾಚಿ ಕಟ್ಟಿದ ಕೆರೆಗೆ ಹಸಿರು, ರಾಡಿ ನೀರಿಗೆ ಕಂದು ಎಂದು ಸಾಬರು ಗಿರಾಕಿಗಳಿಗೆ ಆರಿಸಿ ಕೊಡುತ್ತಿದ್ದರು. ನೀರಿನಲ್ಲಿ ಎಷ್ಟು ಕಾಣದೆ ಇರುತ್ತೀಯೋ ಅಷ್ಟು ದೊಡ್ಡವನು! ನನ್ನನ್ನು ಯಾರಾದರೂ ತೋರಿಸಿ ಕೇಳಿದರೆ ಸಾಬರು ತಲೆ ಕೆರೆದುಕೊಳ್ಳುತ್ತಿದ್ದರು.

"ಹಳದೀನಾ? ಅದು ಪಾರ್ಸೆಲ್‌ನಲ್ಲಿ ಹೆಂಗೆ ಬಂತೋ ನಂಗೂ ಗೊತ್ತಿಲ್ಲ."

ಕೊನೆಗೆ ಒಂದು ಬೇಸಿಗೆಯಲ್ಲಿ ಬಣ್ಣವಿಲ್ಲದ ದಾರವೆಲ್ಲ ಖರ್ಚಾಗಿದ್ದಾಗ ಶಿವಮಾದು ಬಂದ. ಹೊಳೆದಂಡೆ ಊರಿನ ಬೆಸ್ತರ ಹುಡುಗ, ಆಗತಾನೆ ಮದುವೆಯಾದವನು, ಮೀನಿನ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಇಲ್ಲ ಅಂದುಕೊಂಡವನು. ಬೇರೆ ಇಲ್ಲವಲ್ಲ ಎಂದು ಮುಖ ಸಿಂಡರಿಸಿಕೊಂಡೇ ನನ್ನನ್ನು ಕೊಂಡ. ಮನೆಗೆ ಹೋಗಿ ಒಂದು ಮರದ ತುಂಡಿಗೆ ಸುತ್ತಿದ. ಸುತ್ತಿದ ಮೇಲೆ ಆ ತುಂಡಿಗೆ ಒಂದು ಬೊಟ್ಟು ಅರಿಶಿನ ಇಟ್ಟು ಗಂಗಮ್ಮನಿಗೆ ಕೈಮುಗಿದ. ಅವನ ಅಪ್ಪ ಕೆಂಪಯ್ಯ ಗಾಳಕ್ಕೆ ಹೊರಡುವ ಮುಂಚೆ ಅರಿಶಿನ ಹಚ್ಚುತ್ತಿದ್ದುದನ್ನು ಚಿಕ್ಕಂದಿನಿಂದ ನೋಡಿದ್ದನಂತೆ. ಅಪ್ಪ ಆಗ ಹಾಸಿಗೆ ಹಿಡಿದಿದ್ದ, ಮಾತು ನಿಂತುಹೋಗಿತ್ತು.

ಬೇಸಿಗೆಯ ಹೊಳೆ ಗಾಜಿನಂತೆ ತಿಳಿಯಾಗಿತ್ತು. ತಳದ ಕಲ್ಲುಗಳ ನಡುವೆ ನಾನು ಹಳದಿ ಗೆರೆಯಾಗಿ ನಿಂತೆ. ಮೀನುಗಳು ಬಂದವು. ಎರೆಹುಳುವನ್ನು ನೋಡಿದವು, ಆಮೇಲೆ ನನ್ನನ್ನು ನೋಡಿದವು, ಬಾಲ ತಿರುಗಿಸಿ ಹೋದವು. ಮೂರು ದಿನ ಹೀಗೇ ಆಯಿತು. ಶಿವಮಾದು ನನ್ನನ್ನು ನೇರಳೆ ತೊಗಟೆಯ ಕಷಾಯದಲ್ಲಿ ಕುದಿಸಿದ. ಹಿಂದೆ ನೂಲಿನ ಬಲೆಗೆ ಹೀಗೇ ಬಣ್ಣ ಕಟ್ಟುತ್ತಿದ್ದರಂತೆ. ನಾನೇನು ನೂಲೇ? ಒಂದು ಮುಳುಗಿಗೆ ಕಷಾಯವೆಲ್ಲ ತೊಳೆದುಹೋಗಿ ಮತ್ತೆ ಹಳದಿಯಾಗಿ ಹೊಳೆದೆ. ಅವನು ನನ್ನನ್ನು ಅಟ್ಟದ ಮೇಲೆ ಎಸೆದ. ನನಗೆ ಅವಮಾನವಾಯಿತು. ಅವನ ಮೇಲೆ ಸಿಟ್ಟೂ ಬಂತು.

ಮಳೆಗಾಲದ ಹೊತ್ತಿಗೆ ಕೆಂಪಯ್ಯ ತೀರಿಕೊಂಡ. ಆಮೇಲೆ ಮೊದಲ ಮಾರ್ಲಾಮಿ ಹತ್ತಿರ ಬಂತು.

ಮಾರ್ಲಾಮಿ ಅಂದರೆ ಮಹಾಲಯ ಅಮಾವಾಸ್ಯೆ, ಆ ದಿನ ಸತ್ತವರಿಗೆ ಎಡೆ ಇಡುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಯ ಮೇಲೆ ಬಡಿಸುತ್ತಾರೆ. ಆ ಮನೆಯಲ್ಲಿ ಎಡೆಗೆ ಬಾಳೆ ಮೀನು ಆಗಲೇಬೇಕು. ಬಲೆಯಲ್ಲಿ ಸಿಕ್ಕಿದ್ದು ಆಗದು, ಮಾರ್ಕೆಟ್ಟಿನದು ಆಗದು. ಮನೆಯವರೇ ಗಾಳ ಹಾಕಿ ಹಿಡಿದಿರಬೇಕು. ಕೆಂಪಯ್ಯ ಹಾಸಿಗೆ ಹಿಡಿಯುವ ಮುಂಚೆ ಒಂದು ವರ್ಷವೂ ತನ್ನ ಅಪ್ಪನಿಗೆ ತಪ್ಪಿಸಿರಲಿಲ್ಲ. ಈಗ ಅವನಿಗೇ ಇಡಬೇಕಾಗಿತ್ತು. ದೊಡ್ಡ ಬಾಳೆ ಮೀನು ಇರುವುದು ಹೊಳೆ ನಡುವಿನ ಕುರಿಬಂಡೆಯ ಮಡುವಿನಲ್ಲಿ. ಮೊಣಕಾಲು ನೀರಿನಲ್ಲಿ ತಲೆಯೆತ್ತಿ ನಿಂತ ಕಲ್ಲುಗಳನ್ನು ತುಳಿದುಕೊಂಡು ಆ ಬಂಡೆಗೆ ಹೋಗಬೇಕು. ನೀರು ಏರಿದರೆ ಬರುವುದಕ್ಕೆ ದಾರಿಯಿಲ್ಲ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಶಿವಮಾದು ಬಣ್ಣವಿಲ್ಲದ ಹೊಸ ದಾರ ಹಿಡಿದು ಹೊರಟಾಗ ಅವನ ತಾಯಿ ದೇವೀರಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಆ ಹಳದಿ ದಾರ ಎಲ್ಲಿಟ್ಟಿದ್ದೀಯ? ಇಳಿಸ್ಕೊಂಡು ಬಾ."

"ಅದ್ಯಾಕವ್ವಾ? ಅದು ಕಂಡ್ರೆ ಮೀನು ಅತ್ರಕ್ಕೂ ಬರಾಕಿಲ್ಲ."

"ಮೀನಿಗೆ ಕಾಣ್ದೇ ಇರೋದು ಕೊನೇಲಿ ಇರ್ಲಿ. ನಿನ್ ಕಣ್ಣಿಗೆ ಕಾಣೋದು ಮೇಲಿರ್ಲಿ. ಎರಡೂ ಸೇರ್ಸಿ ಗಂಟಾಕು."

ಶಿವಮಾದು ಗೊಣಗುತ್ತ ನನ್ನ ತುದಿಗೆ ಒಂದು ಮಾರು ಬಣ್ಣವಿಲ್ಲದ ದಾರ ಕಟ್ಟಿ, ಅದಕ್ಕೆ ಗಾಳ ಕಟ್ಟಿದ. ಎಂದಿನಂತೆ ಮರದ ತುಂಡಿಗೆ ಅರಿಶಿನದ ಬೊಟ್ಟಿಡಲು ಹೋದಾಗ ದೇವೀರಮ್ಮ ಅವನ ಕೈ ತಡೆದಳು.

"ಅಲ್ಲಿಗ್ಯಾಕ್ಲಾ ಅಚ್ತೀಯ?"

"ಅಪ್ಪ ಅಚ್ತಿತ್ತಲ್ಲ, ಪೂಜೆಗೆ."

ದೇವೀರಮ್ಮ ಅರಿಶಿನದ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು. "ಪೂಜೆಗಲ್ಲ ಕಣ್ಲಾ. ಆಗ ಎಲ್ಲಿತ್ತು ಈ ತಂಗೂಸಿ? ನೂಲಿನ ದಾರ. ಅದುಕ್ಕೆ ಅರಿಶಿನ ಬಳೀತಿದ್ದ, ನೀರೊಳ್ಗೆ ಕಾಣ್ಲಿ ಅಂತ. ಎಷ್ಟುದ್ದ ಕಾಣ್ತದೆ ಅಂತ ನೋಡ್ತಾ ಕುಂತಿರೋನು. ಎರಡು ಮೊಳ ಕಂಡ್ರೆ ಕೂರ್ಬೇಕು. ಒಂದು ಮೊಳಕ್ಕಿಳೀತಾ, ಏಳ್ಬೇಕು. ಮೇಲ್ಗಡೆ ಮಳೆ ಆದ್ರೆ ಮೊದ್ಲು ರಾಡಿ ಬತ್ತದೆ. ಅದ್ರ ಇಂದೆನೇ ನೀರು ಬತ್ತದೆ."

ಶಿವಮಾದುವಿನ ಮುಖ ಸಣ್ಣಗಾಯಿತು. ಅಷ್ಟು ವರ್ಷ ಅಪ್ಪನ ಪಕ್ಕದಲ್ಲೇ ಕೂತಿದ್ದ, ಅರಿಶಿನವನ್ನು ಮಾತ್ರ ನೋಡಿದ್ದ. ನನಗೋ ಒಳಗೊಳಗೇ ಖುಷಿ. ನನ್ನ ಬಣ್ಣಕ್ಕೂ ಒಂದು ಕೆಲಸವಿತ್ತು, ನನಗಿಂತ ಮುಂಚೆ ಅದನ್ನು ಮಾಡಿದವರಿದ್ದರು.

ನಾನೂ ಬರುತ್ತೇನೆ ಎಂದು ದೇವೀರಮ್ಮ ಹಟ ಹಿಡಿದಳು. ಮಂಡಿನೋವಿನವಳು, ಮಗ ಬೇಡವೆಂದರೂ ಕೇಳಲಿಲ್ಲ. ಗಂಡನ ಮೊದಲ ಎಡೆಯ ಮೀನು ತನ್ನ ಕಣ್ಣ ಮುಂದೆಯೇ ಸಿಗಬೇಕೆಂದು ಅವಳ ಆಸೆ. ಮಗನ ಹೆಗಲು ಹಿಡಿದು ಕಲ್ಲು ಕಲ್ಲು ತುಳಿದು ಬಂಡೆ ಹತ್ತಿದಳು. ಆಕಾಶ ನಮ್ಮ ತಲೆಯ ಮೇಲೆ ಚೊಕ್ಕಟವಾಗಿತ್ತು. ಹೊಳೆ ಹರಿದು ಬರುವ ಪಡುವಣದ ಕಡೆ ದೂರದಲ್ಲಿ ಮಾತ್ರ ಕಪ್ಪಾಗಿತ್ತು.

ನನ್ನನ್ನು ಮಡುವಿಗೆ ಬಿಟ್ಟರು. ಸೀಸದ ಗುಂಡು ತಳ ಮುಟ್ಟಿತು. ಎರಡು ಮೊಳ, ಇನ್ನೂ ಸ್ವಲ್ಪ ಹೆಚ್ಚೇ, ನಾನು ಕಾಣುತ್ತಿದ್ದೆ. ದೇವೀರಮ್ಮ ಎಲೆ ಅಡಿಕೆ ಚೀಲ ಬಿಚ್ಚಿ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತ ನನ್ನ ಮೇಲೇ ಕಣ್ಣಿಟ್ಟು ಕೂತಳು. ಹೊತ್ತು ಇಳಿಯಿತು. ಮೀನು ಮುಟ್ಟಲಿಲ್ಲ. ಶಿವಮಾದು ಹುಳ ಬದಲಾಯಿಸಿ ಸಣ್ಣ ಕಪ್ಪೆ ಚುಚ್ಚಿದ. ಆಗಲೂ ಇಲ್ಲ.

ಮೊದಲು ಗೊತ್ತಾದದ್ದು ನನಗೆ. ತಳದಲ್ಲಿ ನೀರು ಸ್ವಲ್ಪ ತಣ್ಣಗಾಯಿತು, ನನ್ನ ಮೈಗೆ ಸಣ್ಣ ಮಣ್ಣು ಉಜ್ಜತೊಡಗಿತು. ಕೂಗಿ ಹೇಳೋಣವೆಂದರೆ ನನಗೆ ಬಾಯಿ ಎಲ್ಲಿದೆ? ಇದ್ದದ್ದು ಬಣ್ಣವೊಂದೇ. ಕೆಳಗಿನ ಹಳದಿ ಮಂಕಾಯಿತು. ಆಮೇಲೆ ಕಾಣದಾಯಿತು.

ಅದೇ ಹೊತ್ತಿಗೆ ಬಾಳೆ ಮೀನು ಗಾಳ ನುಂಗಿತು. ಹೊಸ ರಾಡಿ ಬಂದಾಗ ಅದು ಬಿಲದಿಂದ ಏಳುತ್ತದೆ. ಶಿವಮಾದುವಿನ ಕೈ ಜಗ್ಗಿದ ರಭಸಕ್ಕೆ ನಾನು ತಂತಿಯಂತೆ ಬಿಗಿದೆ.

"ಅವ್ವಾ, ಸಿಕ್ತು! ದೊಡ್ಡದು!"

ದೇವೀರಮ್ಮ ಎದ್ದು ನಿಂತಳು. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಮೀನು ಒಮ್ಮೆ ಮೇಲೆದ್ದು ಬೆಳ್ಳಗೆ ಹೊಳೆದು ಮುಳುಗಿತು. ಗಂಡನ ಎಲೆಯ ಮೇಲೆ ಇಡಬೇಕಾದದ್ದು ಅಲ್ಲೇ, ಕೈಗೆ ಸಿಗುವಷ್ಟು ಹತ್ತಿರವಿತ್ತು. ಆಮೇಲೆ ಅವಳ ಕಣ್ಣು ಮೀನು ಬಿಟ್ಟು ನನ್ನ ಕಡೆ ಬಂತು. ನಾನು ಒಂದು ಮೊಳವೂ ಕಾಣುತ್ತಿರಲಿಲ್ಲ.

"ಬುಡ್ಲಾ ಮಗ. ಏಳು."

"ಒಂದೇ ಗಳ್ಗೆ ತಡಿಯವ್ವಾ! ಸುಸ್ತಾಗೈತೆ ಅದು, ಎಳ್ಕೋತೀನಿ."

"ಬುಡು ಅಂದೆ!"

"ಅಪ್ಪನ ಎಡೆಗೆ ಕಣವ್ವಾ!"

ಅವನು ನನ್ನನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡ. ಕಲ್ಲುಗಳ ದಾರಿಯಲ್ಲಿ ಮೊದಲ ಕಲ್ಲು ಮುಳುಗಿತ್ತು. ನಾನು ಮೀನನ್ನೂ ಬಿಡಲಾರೆ, ಅವನ ಕೈಯನ್ನೂ ಬಿಡಲಾರೆ. ಗಟ್ಟಿಯಾಗಿ ಹುಟ್ಟಿದ್ದಕ್ಕೆ ಅಂದು ಮೊದಲ ಬಾರಿ ನನಗೆ ನನ್ನನ್ನೇ ಕಂಡು ಭಯವಾಯಿತು. ನಾನು ತುಂಡಾಗದಿದ್ದರೆ ಇವನು ಇಲ್ಲಿಂದ ಏಳುವುದಿಲ್ಲ.

ದೇವೀರಮ್ಮ ಬಗ್ಗಿ, ಮಗನ ಮುಷ್ಟಿಯ ಪಕ್ಕದಲ್ಲೇ ಅಡಕತ್ತರಿ ಇಟ್ಟು ನನ್ನನ್ನು ಕತ್ತರಿಸಿದಳು.

ಮೀನಿನ ಜೊತೆ ನನ್ನ ಅರ್ಧ ಮೈ ಹೊಳೆ ಪಾಲಾಯಿತು. ಶಿವಮಾದು ಮುಷ್ಟಿಯಲ್ಲಿ ಉಳಿದ ತುದಿಯನ್ನು ನೋಡುತ್ತ ನಿಂತ.

"ಸತ್ತೋನು ಬರೋ ವರ್ಷದ್ ಗಂಟ ಕಾಯ್ತಾನೆ ಕಣ್ಲಾ. ಈ ನೀರು ಕಾಯಾಕಿಲ್ಲ. ನಡಿ."

ಅವನು ತಾಯಿಯನ್ನು ಬೆನ್ನ ಮೇಲೆ ಹೊತ್ತುಕೊಂಡ. ಅವಳ ಒಂದು ಕೈ ಅವನ ಕೊರಳಲ್ಲಿ, ಇನ್ನೊಂದು ಕೈಯಲ್ಲಿ ನಾನು ಸುತ್ತಿಕೊಂಡಿದ್ದ ಮರದ ತುಂಡು. ಮೊಣಕಾಲಿನಷ್ಟಿದ್ದ ನೀರು ತೊಡೆಗೆ ಬಂತು, ಸೊಂಟಕ್ಕೆ ಬಂತು. ಒಂದು ಕಡೆ ಅವನ ಕಾಲು ಜಾರಿ ಇಬ್ಬರೂ ಎದೆಯವರೆಗೆ ಮುಳುಗಿದರು. ದೇವೀರಮ್ಮ ಕೂಗಲಿಲ್ಲ. "ಎಡಕ್ಕೆ, ಎಡಕ್ಕೆ ಕಲ್ಲೈತೆ" ಎಂದಳು. ಅವನ ಕಾಲಿಗೆ ಕಲ್ಲು ಸಿಕ್ಕಿತು. ದಡ ಹತ್ತಿ ಕುಸಿದು ಕೂತು ತಿರುಗಿ ನೋಡಿದರೆ ಕುರಿಬಂಡೆ ಇದ್ದ ಜಾಗದಲ್ಲಿ ಕೆಂಪು ನೀರು ಸುಳಿ ಸುತ್ತುತ್ತಿತ್ತು. ಶಿವಮಾದು ತಾಯಿಯ ಮಡಿಲಿಗೆ ತಲೆಯಿಟ್ಟು ಅತ್ತ. ನನಗೂ ಅಳು ಬರುವಂತಿದ್ದರೆ ಅತ್ತುಬಿಡುತ್ತಿದ್ದೆ.

ಮಾರನೆಯ ದಿನ ಎಡೆ ಇಟ್ಟರು. ಎಲೆಯ ಮೇಲೆ ಮುದ್ದೆ, ಕೋಳಿ ಸಾರು, ವಡೆ, ಪಾಯಸ. ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ. ಮೀನಿನ ಜಾಗ ಖಾಲಿ. ಶಿವಮಾದು ತಲೆಯೆತ್ತಲಿಲ್ಲ.

"ಮಾರ್ಕೆಟ್ಟಿಂದಾದ್ರೂ ತರ್ಲಾ ಅವ್ವಾ?"

"ಬ್ಯಾಡ."

ದೇವೀರಮ್ಮ ನನ್ನನ್ನು ಮರದ ತುಂಡಿನಿಂದ ಬಿಚ್ಚಿ, ಉಂಗುರದಂತೆ ಸುತ್ತಿ, ಆ ಖಾಲಿ ಜಾಗದಲ್ಲಿ ಇಟ್ಟಳು. ಆಮೇಲೆ ಗಂಡನ ಫೋಟೋ ನೋಡಿ ಎದುರಿಗೆ ಕೂತವನಿಗೆ ಹೇಳುವಂತೆ ಹೇಳಿದಳು. "ಮೀನು ನಿನ್ ಕಡೀಕೇ ಬಂದೈತೆ. ಅರ್ಧ ದಾರ ಅದ್ರ ಬಾಯಲ್ಲೈತೆ. ಇನ್ನರ್ಧ ಇಲ್ಲೈತೆ. ಎಳ್ಕೋ."

ಇದಾಗಿ ಎಷ್ಟೋ ವರ್ಷವಾಯಿತು. ಶಿವಮಾದು ಈಗ ಹೊಸ ಹಳದಿ ದಾರಕ್ಕೆ ಬಣ್ಣವಿಲ್ಲದ ಕೊನೆ ಕಟ್ಟಿಕೊಂಡೇ ಹೊಳೆಗೆ ಹೋಗುತ್ತಾನೆ. ಇಬ್ರಾಹಿಂ ಸಾಬರು ನನ್ನ ತಮ್ಮಂದಿರನ್ನು ಹೇಳಿ ತರಿಸುತ್ತಾರೆ. ಆಮೇಲಿನ ಎಡೆಗಳಿಗೆ ಬಾಳೆ ಮೀನು ಸಿಕ್ಕಿದೆ, ಕೆಲವು ವರ್ಷ ಸಿಕ್ಕಿಲ್ಲ. ನಾನು ಮಾತ್ರ ಕೆಂಪಯ್ಯನ ಫೋಟೋದ ಮೊಳೆಯಲ್ಲಿ ನೇತಾಡುತ್ತಿದ್ದೇನೆ. ಗಾಜಿನ ಹೆಂಚಿನಿಂದ ದಿನಾ ಬಿಸಿಲು ಬಿದ್ದು ನನ್ನ ಹಳದಿಯೆಲ್ಲ ಹೋಗಿದೆ. ಈಗ ಬಣ್ಣವೇ ಇಲ್ಲ. ಶಿವಮಾದು ಅಂದು ಕಷಾಯದಲ್ಲಿ ಕುದಿಸಿ ಬಯಸಿದ್ದು ಇಂಥದನ್ನೇ. ಈಗ ನನ್ನನ್ನು ಯಾವ ಮೀನೂ ಕಾಣಲಾರದು, ಆದರೆ ಒಂದು ಎರೆಹುಳುವನ್ನು ಹೊರುವ ತ್ರಾಣವೂ ನನ್ನಲ್ಲಿಲ್ಲ.

ದೇವೀರಮ್ಮನ ಕಣ್ಣೂ ಮಂಜಾಗಿದೆ. ಮಾರ್ಲಾಮಿಯ ಬೆಳಗ್ಗೆ ಗೋಡೆ ತಡವುತ್ತ ಬಂದು ನನ್ನನ್ನು ಹುಡುಕಿ ಇಳಿಸುತ್ತಾಳೆ. ಎಲೆಯ ಮೇಲೆ ಇಡುವ ಮುಂಚೆ ಅರಿಶಿನ ಕಲಸಿ ತುದಿಯಿಂದ ತುದಿಗೆ ಬಳಿಯುತ್ತಾಳೆ. ನೈಲಾನಿಗೆ ಅರಿಶಿನ ನಿಲ್ಲುವುದಿಲ್ಲ, ಒಣಗಿದರೆ ಉದುರಿಹೋಗುತ್ತದೆ.

"ಅದುಕ್ಯಾಕವ್ವಾ ಪ್ರತಿ ವರ್ಷ ಬಳೀತೀಯ?" ಎಂದು ಶಿವಮಾದು ಈ ಸಲ ಕೇಳಿದ.

"ನಿಮ್ಮಪ್ಪಂಗೆ ಕಾಣ್ಬೇಕಲ್ಲ ಮಗ" ಎಂದಳು.