ಬಾಯಿ ಬಿಡದ ಇಕ್ಕಳ

ನಮ್ಮಮ್ಮನ ಬಲಗೈ ಒಂದು ಕಾಲದಲ್ಲಿ ಇಡೀ ಬೀದಿಯ ಮಕ್ಕಳಿಗೆ ಭಯ. ಕಿವಿ ಹಿಂಡಿದಳೆಂದರೆ ಸಂಜೆಯವರೆಗೂ ಉರಿ. ಈಗ ಅದೇ ಕೈಗೆ ಸಕ್ಕರೆ ಡಬ್ಬಿಯ ಮುಚ್ಚಳವೂ ಜಗ್ಗುವುದಿಲ್ಲ. ಹೆಬ್ಬೆರಳಿನ ಬುಡ ಸೋತುಹೋಗಿದೆ. ಅವಳು ಹೇಳುವುದಿಲ್ಲ, ನಾನು ಕೇಳುವುದಿಲ್ಲ.

ಕಂಟ್ರೋಲ್ ಪ್ಯಾನೆಲ್ ಜೋಡಿಸುವ ಕಾರ್ಖಾನೆಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೇವೆ. ಅಮ್ಮ ಕಿಟಕಿಯ ಸಾಲಿನಲ್ಲಿ, ನಾನು ಹಿಂದಿನ ಗೋಡೆಯ ಕಡೆ. ವೈರಿನ ತುದಿಗೆ ಫೆರೂಲ್ ಎಂಬ ಪುಟ್ಟ ಲೋಹದ ಕೊಳವೆ ತೊಡಿಸಿ, ಇಕ್ಕಳದಿಂದ ಒತ್ತಿ ಬಿಗಿ ಮಾಡಬೇಕು. ಹಳೆಯ ಇಕ್ಕಳಕ್ಕೆ ಕರುಣೆಯಿದೆ. ಒಂದೇ ಸಲಕ್ಕೆ ಆಗದಿದ್ದರೆ ಬಿಟ್ಟು, ಕೈ ಕೊಡವಿ, ಮತ್ತೆ ಒತ್ತಬಹುದು. ಅಮ್ಮ ಹಾಗೇ ಮಾಡುತ್ತಾಳೆ. ಊಟದ ಬಿಡುವಿನಲ್ಲಿ ನಾನು ಕದ್ದು ಹೋಗಿ ಅವಳ ವೈರುಗಳನ್ನು ಇನ್ನೊಮ್ಮೆ ಒತ್ತಿ ಬರುತ್ತೇನೆ.

ಮೊನ್ನೆ ಸೂಪರ್‌ವೈಸರ್ ಎರಡು ಹೊಸ ಇಕ್ಕಳ ತಂದು ಹಳೆಯದರ ಪಕ್ಕ ಇಟ್ಟ.

"ಮೂರರಲ್ಲೂ ಒತ್ತಿ, ಎಳೆದು ನೋಡೋಣ. ಯಾವುದು ಗಟ್ಟಿಯೋ ನಾಳೆಯಿಂದ ಎಲ್ಲರಿಗೂ ಅದೇ. ಅದನ್ನ ಒತ್ತೋಕಾಗದೋರಿಗೆ ಇಲ್ಲಿ ಬೇರೆ ಕೆಲ್ಸ ಇಲ್ಲ."

ನಾನು ಅಮ್ಮನ ಕೈಯತ್ತ ನೋಡಿದೆ. ಒಂದು ಹೊಸದು ಹಗುರ, ಆಟದ ಸಾಮಾನು. ಇನ್ನೊಂದರ ಹಿಡಿಯೊಳಗೆ ಹಲ್ಲುಗಳಿದ್ದವು; ಒತ್ತಲು ಶುರು ಮಾಡಿದರೆ ಪೂರ್ತಿ ಮುಗಿಯುವವರೆಗೆ ಅದು ಬಾಯಿ ಬಿಡುವುದಿಲ್ಲ. ಆ ಗುಣವನ್ನು ನಮ್ಮ ಸೂಪರ್‌ವೈಸರ್ ಅದರಿಂದ ಕಲಿಯುವುದಿತ್ತು.

"ನಾನೇ ಒತ್ತುತ್ತೀನಿ ಸಾರ್," ಎಂದು ಮುಂದೆ ನುಗ್ಗಿದೆ.

ಹಳೆಯದರಲ್ಲಿ ಹಲ್ಲು ಕಚ್ಚಿ ಒತ್ತಿದೆ. ತೂಕ ಕಟ್ಟಿ ಎಳೆದರೂ ಜಗ್ಗಲಿಲ್ಲ. ಹಗುರದ್ದರಲ್ಲಿ ಒತ್ತಿದ ವೈರು ಎಳೆಯುತ್ತಲೇ ಕಳಚಿತು. ಹಲ್ಲಿನ ಇಕ್ಕಳದ ಸರದಿ ಬಂದಾಗ ವೈರನ್ನು ಕೊಳವೆಯ ಅರ್ಧಕ್ಕೇ ನಿಲ್ಲಿಸಿ ಒತ್ತಿದೆ. ಅದೂ ಕಳಚಿತು. ಬೇಕೆಂದೇ ಮಾಡಿದೆ, ನಾಚಿಕೆಯೇನೂ ಆಗಲಿಲ್ಲ.

"ಹಳೇದೇ ವಾಸಿ ಬಿಡಿ," ಎಂದ ಸೂಪರ್‌ವೈಸರ್.

ಉಸಿರು ಬಿಡುವಷ್ಟರಲ್ಲಿ ಅಮ್ಮ ಎದ್ದು ಬಂದಳು. "ಕೊಡೇ ಇಲ್ಲಿ! ವೈರು ಪೂರ್ತಿ ತೂರಿಸೋದೂ ಬರಲ್ವಾ ನಿಂಗೆ? ಯಾರೇ ಕಲಿಸಿದ್ದು?"

"ನೀನೇ," ಎಂದು ಯಾರೋ ನಕ್ಕರು. ನಾನು ಕಣ್ಣಲ್ಲೇ ಬೇಡವೆಂದೆ. ಮಗಳ ಕಳಪೆ ಕೆಲಸ ನೋಡಿ ಮೈಯೆಲ್ಲ ಉರಿದವಳಿಗೆ ನನ್ನ ಕಣ್ಣು ಎಲ್ಲಿ ಕಾಣಬೇಕು?

ಸೂಪರ್‌ವೈಸರ್ ಕಳಚಿ ಬಿದ್ದ ತೂಕ ಎತ್ತಿಕೊಳ್ಳಲು ಬಗ್ಗಿದ. ಅಮ್ಮ ವೈರು ನೀಟಾಗಿ ತೂರಿಸಿ ಹಿಡಿ ಒತ್ತಿದಳು. ಟಿಕ್, ಟಿಕ್. ಆಮೇಲೆ ನಿಂತಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ನಕ್ಕವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಅವಳ ಕೈಯ ಮೇಲೆ ನನ್ನ ಕೈಯಿಟ್ಟು ಹಿಂಡಿದೆ. ಕೊನೆಯ ಟಿಕ್ ಕೇಳಿಸಿತು, ಇಕ್ಕಳ ಬಾಯಿ ಬಿಟ್ಟಿತು.

ಸೂಪರ್‌ವೈಸರ್ ಆ ವೈರಿಗೆ ತೂಕ ಕಟ್ಟಿದ. ಇನ್ನೊಂದು ತೂಕ ಸೇರಿಸಿದ. ಮೂರನೆಯದಕ್ಕೂ ಅದು ಜಪ್ಪಯ್ಯ ಎನ್ನಲಿಲ್ಲ.

"ನೋಡಿದ್ರಾ? ಅನುಭವ ಅಂದ್ರೆ ಇದು! ಇದೇ ಗಟ್ಟಿ, ಇದೇ ತರಿಸ್ತೀನಿ," ಎಂದು ಹಳೆಯ ಇಕ್ಕಳಗಳನ್ನೆಲ್ಲ ಬಾಚಿ ಡಬ್ಬಕ್ಕೆ ಹಾಕಿಕೊಂಡು ಹೋದ.

ಅಮ್ಮ ಸೆರಗಿನೊಳಗೆ ಕೈ ಮುಚ್ಚಿಕೊಂಡು ನಿಂತಿದ್ದಳು. ಎಲ್ಲರೂ ಜಾಗಕ್ಕೆ ಹೋದ ಮೇಲೆ ಮೆಲ್ಲಗೆ ಕೇಳಿದಳು, "ನಾಳೆಯಿಂದ ನನ್ನ ಪಕ್ಕ ಕೂರೋಕಾಗುತ್ತೇನೇ?"

ನನ್ನ ಜಾಗ ಹಿಂದಿನ ಗೋಡೆಯ ಕಡೆ. ಅದು ಅವಳಿಗೂ ಗೊತ್ತು.

"ಹೂಂ ಅಮ್ಮ," ಎಂದೆ.