ಗುರುತು ಸಿಗಬಾರದ ಕೈ

ವಿಜಯಮಹಾಂತೇಶ ಹುನಗುಂದದಲ್ಲಿ ಮದುವೆಗಳ ವಿಡಿಯೊ ತೆಗೆಯುವವನು. ನಾನೂರು ವರ್ಷ ಹಳೆಯ ಇಂಗ್ಲಿಷ್ ನಗೆನಾಟಕವೊಂದು ಅವನ ತಲೆಗೆ ಹತ್ತಿತು. ಹುಡುಗಿಯೊಬ್ಬಳು ಗಂಡುವೇಷ ಹಾಕಿ ಪರಊರಿನಲ್ಲಿ ಚಾಕರಿಗೆ ಸೇರುತ್ತಾಳೆ. ಕೊನೆಯವರೆಗೂ ಯಾರಿಗೂ ಗುರುತು ಸಿಗುವುದಿಲ್ಲ. ಇದನ್ನು ಇಳಕಲ್ಲಿನ ಮಗ್ಗದ ಮನೆಗೆ ತಂದು ಸಿನಿಮಾ ಮಾಡುತ್ತೇನೆ ಎಂದು ಹೊರಟ. ಅವನ ಧೈರ್ಯ ದೊಡ್ಡದು. ನಮ್ಮ ಓಣಿಯಲ್ಲಿ ಒಬ್ಬರು ಕೆಮ್ಮಿದರೆ ಸಾಕು, ಅದು ಯಾರ ಮನೆಯ ಕೆಮ್ಮು ಎಂದು ನಾಲ್ಕು ಜನ ಹೇಳುತ್ತಾರೆ.

ನಾಯಕಿ ಶ್ರುತಿ, ನೇಕಾರರ ಇಂದ್ರವ್ವನ ಮಗಳು. ಪಾತ್ರಕ್ಕಾಗಿ ಉದ್ದನೆಯ ಜಡೆಯನ್ನೇ ಕತ್ತರಿಸಿಕೊಂಡಿದ್ದಳು. ಅಂದಿನಿಂದ ಇಂದ್ರವ್ವ ಮಗಳೊಂದಿಗೆ ಮಾತು ಬಿಟ್ಟು, ಊಟಕ್ಕೆ ಕರೆಯುವುದಿದ್ದರೂ ಬೆಕ್ಕಿಗೆ ಹೇಳುತ್ತಿದ್ದಳು.

ದುಡ್ಡು ಹಾಕಿದವರು ಸೀರೆ ಸಾಹುಕಾರ ಪ್ರಭು. ನಾಯಕಿ ಪ್ರತಿ ದೃಶ್ಯದಲ್ಲೂ ತಮ್ಮ ಸೀರೆಯನ್ನೇ ಉಟ್ಟಿರಬೇಕು ಎಂಬುದು ಅವರ ಕರಾರು. ಗಂಡುವೇಷದಲ್ಲಿದ್ದಾಗ? ಆಗಲೂ ಸೀರೆಯೇ. ಮೂರು ದಿನ ವಾದಿಸಿದ ಮೇಲೆ, ವೇಷದ ಹುಡುಗಿ ಮಗ್ಗದ ಮೇಲಿನ ತಮ್ಮ ಸೀರೆಗೆ ಕೆಲಸ ಮಾಡುತ್ತಿದ್ದರೆ ನಡೆದೀತು ಎಂದರು. ಆ ದೃಶ್ಯವೂ ತೆಗೆಯುವ ದಿನ ಸಂಜೆಯೊಳಗೆ ಚಂದ ಬರಬೇಕು. ಬರದಿದ್ದರೆ ಗಂಡುವೇಷವೇ ಕಥೆಯಿಂದ ಹೋಗುತ್ತದೆ, ಶ್ರುತಿ ಚೌರಿ ಕಟ್ಟಿಕೊಂಡು ಸೀರೆ ಉಟ್ಟು ನಿಂತರೆ ಸಾಕು.

ದೃಶ್ಯ ಸಣ್ಣದು. ಅಂಗಿ, ಧೋತರ ತೊಟ್ಟ ಶ್ರುತಿ ತೆನಿ ಹಾಕುತ್ತ ಕೂತಿರುತ್ತಾಳೆ. ಸೆರಗಿನ ಹಾಸನ್ನೂ ಸೀರೆಯ ಮೈಹಾಸನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸುವ ಕೆಲಸ ಅದು. ಮನೆಯ ಹಿರಿಯಳು ಬಂದು, ಯಾರ ಮಗನಪ್ಪಾ ನೀನು ಎಂದು ಕೇಳಬೇಕು. ಹಿರಿಯಳ ಪಾತ್ರಕ್ಕೆ ಐವತ್ತು ವರ್ಷ ತೆನಿ ಹಾಕಿದ ಮುತ್ತವ್ವನನ್ನೇ ಕರೆದಿದ್ದರು.

ಮುತ್ತವ್ವ ಬಂದಳು, ಬಗ್ಗಿ ನೋಡಿದಳು. "ಶ್ರುತಿ, ನಿಮ್ಮವ್ವನ ಮೊಣಕಾಲ ನೋವು ಹ್ಯಾಂಗೈತಿ?" ಎಂದಳು.

ಎರಡನೆಯ ಸಲ ಶ್ರುತಿಗೆ ಮೀಸೆ ಅಂಟಿಸಿದರು. ಮೂರನೆಯ ಸಲ ಹುಬ್ಬಿನವರೆಗೆ ರುಮಾಲು ಸುತ್ತಿದರು. ಮುತ್ತವ್ವ ಎರಡು ಸಲವೂ ಮೊಣಕಾಲನ್ನೇ ವಿಚಾರಿಸಿದಳು.

ವಿಜಯಮಹಾಂತೇಶ ಕೈಮುಗಿದ. "ಆಯಿ, ಅಕಿ ಈಗ ಗಂಡಸು ಅಂತ ತಿಳ್ಕೋರಿ."

"ಮಾರಿ ಹ್ಯಾಂಗರ ಮಾಡ್ಕೋ ತಮ್ಮಾ. ಕೈ ನೋಡು, ಎಡಗೈಲೆ ಕುಣಿಕಿ ತಿರುವತಾಳ. ಹಂಗ ತಿರುವಾಕಿ ಇಂದ್ರವ್ವ, ಇಲ್ಲಾಂದ್ರ ಅಕಿ ಮಗಳು. ಗೊತ್ತಿದ್ದದ್ದನ್ನ ಗೊತ್ತಿಲ್ಲ ಅಂತ ಹ್ಯಾಂಗ ಅನ್ಲಿ?"

ಬಿಸಿಲು ಗೋಡೆ ಹತ್ತಿತ್ತು. ಸಾಹುಕಾರರು ಚೌರಿ ತರಿಸಿ ಪಕ್ಕಕ್ಕೆ ಇಟ್ಟುಕೊಂಡು ಕೂತಿದ್ದರು. ಶ್ರುತಿ ಅದನ್ನು ಒಮ್ಮೆ ನೋಡಿದಳು, ತನ್ನ ಕೈಯನ್ನು ಒಮ್ಮೆ ನೋಡಿಕೊಂಡಳು.

ನಾಲ್ಕನೆಯ ಸಲ ಬಲಗೈಯಿಂದ ಶುರು ಮಾಡಿದಳು. ಎಳೆ ಬಿಟ್ಟು ಎಳೆ ಹಿಡಿದಳು, ಕುಣಿಕೆ ಸಡಿಲ ಬಿಟ್ಟಳು. ನೇಕಾರರ ಮಗಳಿಗೆ ಅದು ಉಣ್ಣುವ ತಾಟನ್ನು ಒದ್ದ ಹಾಗೆ. ಕಣ್ಣಲ್ಲಿ ನೀರು ಬಂತು, ಕೈ ನಿಲ್ಲಲಿಲ್ಲ.

ಮುತ್ತವ್ವ ಬಗ್ಗಿದಳು. ಸಿನಿಮಾ, ಕ್ಯಾಮೆರಾ ಎಲ್ಲ ಮರೆತುಹೋಯಿತು.

"ಯಾರ ಮಗನಲೇ ನೀ? ಹಿಂಗ ತೆನಿ ಹಾಕೋರು ನಮ್ಮ ಓಣ್ಯಾಗ ಹುಟ್ಟಿಲ್ಲ. ಏಳ್ ಮ್ಯಾಲ."

ರಟ್ಟೆ ಹಿಡಿದು ಎಬ್ಬಿಸಿ, ತಾನೇ ಕೂತು ಒಂದೊಂದೇ ಕುಣಿಕೆ ಬಿಚ್ಚತೊಡಗಿದಳು. ಕ್ಯಾಮೆರಾ ಹಿಡಿದ ಸಾಹಿಲ, ನಡುವೆ ಬೈಕಿನ ಸಪ್ಪಳ ಬಂತು, ಇನ್ನೊಮ್ಮೆ ತೆಗೆಯೋಣ ಎಂದ. ಮತ್ತೆ ಕೆಡಿಸಲು ಬಿಡುವುದಿಲ್ಲ ಎಂದು ಮುತ್ತವ್ವ ಜಾಗ ಬಿಟ್ಟು ಏಳಲಿಲ್ಲ. ಅದೇ ಉಳಿಯಿತು.

ತೆಗೆದದ್ದನ್ನು ಪ್ರಭು ಸಾಹುಕಾರರು ಎರಡು ಸಲ ನೋಡಿ, ವೇಷ ಇರಲಿ ಎಂದರು. ಆದರೆ ಪರದೆಯ ಕೆಳಗೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಬರಬೇಕಂತೆ: ಈ ದೃಶ್ಯದ ಸೀರೆ ನಮ್ಮ ಅಂಗಡಿಯದಲ್ಲ.